ಬಿಸಿಲಿನ ಎಡೆ

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆ ಎಲೆ ಮಾರುವ ಹೆಂಗಸು "ಎಷ್ಟು ಜನ ಹಿರೀಕರಿಗಪ್ಪಾ ಎಡೆ?" ಎಂದು ಕೇಳಿದಾಗ ದೇವರಾಜುವಿನ ಬಾಯಿಂದ ಐದು ಎಂದು ಬಂದುಬಿಟ್ಟಿತು. ಬಂದ ಮೇಲೆ ನಾಲಗೆ ಕಚ್ಚಿಕೊಂಡ. ಐದೆಲ್ಲಿಂದ ಬಂತು? ತಾತ, ಅಜ್ಜಿ, ಅಪ್ಪ, ಮತ್ತೆ ಅವ್ವ ಯಾರ ಮಾತಿಗೂ ಕಿವಿಗೊಡದೆ ವರ್ಷ ವರ್ಷವೂ ಒಂದು ಚಿಕ್ಕ ಎಲೆ ಹಾಕುವ ಆ ಮೊದಲ ಕೂಸು, ಇವನಿಗಿಂತ ಮುಂಚೆ ಹುಟ್ಟಿ ತೊಟ್ಟಿಲಲ್ಲೇ ಹೋದ ಅಕ್ಕ. ನಾಲ್ಕೇ. "ನಾಲ್ಕು ಕೊಡಮ್ಮ, ನಾಲ್ಕು ಸಾಕು" ಎಂದು ತಿದ್ದಿದ. ಆಕೆ ಕೇಳಬೇಕಲ್ಲ! ಐದನ್ನೂ ಸುರುಳಿ ಸುತ್ತಿ, ಬಾಳೆ ನಾರಿನಲ್ಲಿ ಬಿಗಿದು ಅವನ ಕೈಗಿಟ್ಟಳು. "ಅಮಾಸೆ ದಿನ ಬಾಯಲ್ಲಿ ಬಂದ್ಮ್ಯಾಕೆ ಕಮ್ಮಿ ಮಾಡ್ಬಾರ್ದು, ತಕ್ಕೊಂಡೋಗು. ಯಾರೋ ನೆಪ್ಪಾಗವ್ರೆ ನಿಂಗೆ" ಎಂದಳು. ಯಾರು ನೆನಪಾದರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎಲೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು, ಕದ್ದ ಮಾಲು ಸಾಗಿಸುವವನಂತೆ ತಲೆ ತಗ್ಗಿಸಿ ಪಾಂಡವಪುರದ ಬಸ್ಸು ನಿಲ್ಲುವ ಕಡೆಗೆ ಹೆಜ್ಜೆ ಹಾಕಿದ.

ಅದು ಹೋಗಿ ಎರಡು ವಾರವಾಗಿತ್ತು. ಸತ್ತಿತು ಎಂಬ ಮಾತನ್ನು ಬೆಂಗಳೂರಿನ ಅವನ ಉಪಗ್ರಹ ಸಂಸ್ಥೆಯಲ್ಲಿ ಯಾರೂ ಆಡುವುದಿಲ್ಲ. ಸಂಪರ್ಕ ಕಡಿದಿದೆ ಎನ್ನುತ್ತಾರೆ, ವಿದ್ಯುತ್ತು ಕೈಕೊಟ್ಟಿದೆ ಎನ್ನುತ್ತಾರೆ. ಆದರೆ ಆ ದಿನ ಪರದೆಯ ಮೇಲಿನ ಅಂಕಿಗಳು ಒಂದೊಂದಾಗಿ ಇಳಿದಿಳಿದು ಸೊನ್ನೆಗೆ ಬಂದು ನಿಂತದ್ದನ್ನು ನೋಡಿದವರಿಗೆ ಮನಸ್ಸಿನಲ್ಲಿ ಬೇರೆ ಮಾತು ಹುಟ್ಟಿರಲಿಲ್ಲ. ದೇವರಾಜು ಸಂಪರ್ಕ ಉಪಗ್ರಹಗಳ ಒಡಲು ಕಟ್ಟುವವರಲ್ಲೊಬ್ಬ. ಉಪಗ್ರಹವೆಂದರೆ ಎರಡು ಪಾಲು ತಾನೆ, ಹೊರುವ ಒಡಲು ಒಂದು, ಅದು ಹೊರುವ ಸಾಮಾನು ಇನ್ನೊಂದು. ಟಿ.ವಿ.ಯೋ ಫೋನೋ ಮೋಡದ ಚಿತ್ರವೋ, ಸಾಮಾನು ಸಲ ಸಲಕ್ಕೂ ಬೇರೆ. ಒಡಲು ಮಾತ್ರ ಒಂದೇ ವಂಶದ್ದು. ಮೊದಮೊದಲು ಹೊರದೇಶದವರು ಮಾಡಿಕೊಟ್ಟಿದ್ದನ್ನೇ ತಂದು ಹಾರಿಸುತ್ತಿದ್ದರು. ಆಮೇಲೆ ಹಟ ಬಂತು: ನಮ್ಮದೇ ಒಂದು ಒಡಲು ಬೇಕು, ಒಂದನ್ನು ನೆಟ್ಟಗೆ ಮಾಡಿದರೆ ಅದನ್ನೇ ಹಿಗ್ಗಿಸಿ, ಕುಗ್ಗಿಸಿ, ಅದರ ಬೆನ್ನಿಗೆ ತಮ್ಮ ತಂಗಿಯರನ್ನು ಮಾಡುತ್ತಾ ಹೋಗಬಹುದು. ಈ ಹಟಕ್ಕೆ ಹತ್ತು ಹನ್ನೆರಡು ವರ್ಷ ಹೋಯಿತು, ಎಷ್ಟೋ ಜನರ ಕೂದಲು ಹೋಯಿತು, ಒಂದಿಬ್ಬರ ಸಂಸಾರವೂ ಹೋಯಿತೆನ್ನಿ. ಮೊದಲಿನ ಎರಡೂ ಮೇಲೆ ಸುಖವಾಗಿವೆ. ಮೂರನೆಯದು ಯುಗಾದಿ ಕಳೆದು ಹಾರಿದ್ದು, ಗೌರಿ ಹಬ್ಬ ಕಳೆದ ಹುಣ್ಣಿಮೆಗೆ ಕಣ್ಣು ಮುಚ್ಚಿತು.

ಮೂರರಲ್ಲೂ ದೇವರಾಜುವಿನ ಪಾಲಿನದು ಡ್ರಮ್ಮು. ಉಪಗ್ರಹದ ಮುಖ ಯಾವಾಗಲೂ ಭೂಮಿಯ ಕಡೆಗಿರಬೇಕು, ಅದರ ಬಿಸಿಲ ಹಲಗೆಗಳು ಯಾವಾಗಲೂ ಸೂರ್ಯನ ಕಡೆಗಿರಬೇಕು. ಇವೆರಡರ ನಡುವೆ ಕೂತು ಹಲಗೆಗಳನ್ನು ಮೆಲ್ಲಗೆ, ಒಂದು ಹಗಲು ಒಂದು ರಾತ್ರಿಗೆ ಸರಿಯಾಗಿ ಒಂದು ಸುತ್ತು ತಿರುಗಿಸುತ್ತಾ, ಅಲ್ಲಿ ಹುಟ್ಟಿದ ಕರೆಂಟನ್ನು ಒಡಲಿನೊಳಕ್ಕೆ ಇಳಿಸುವುದು ಡ್ರಮ್ಮಿನ ಕೆಲಸ. ಕರೆಂಟು ಯಾಕೆ ನಿಂತಿತು? ಡ್ರಮ್ಮಿನಲ್ಲೋ, ಅದರಿಂದಾಚೆಯ ತಂತಿಯಲ್ಲೋ, ಇನ್ನೆಲ್ಲೋ, ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ, ಬಿಚ್ಚಿ ನೋಡುವುದಕ್ಕೆ ಅದೇನು ಮನೆ ಹಿತ್ತಲಲ್ಲಿದೆಯೇ? ಸಮಿತಿಯವರು ಅವನನ್ನು ಎದುರಿಗೆ ಕೂರಿಸಿಕೊಂಡು ಬಹಳ ಮರ್ಯಾದೆಯಿಂದ ಪ್ರಶ್ನೆ ಕೇಳಿದ್ದರು. ಯಾರೂ ಬೆರಳು ತೋರಿಸಲಿಲ್ಲ. ತೋರಿಸಿದ್ದರೆ ಚೆನ್ನಾಗಿತ್ತು, ಎದುರು ನಿಂತು ಜಗಳವಾಡಬಹುದಿತ್ತು. ಒಂದು ಸಲ, ಗಾಳಿ ತೆಗೆದ ಕೋಣೆಯಲ್ಲಿ ಪರೀಕ್ಷೆ ನಡೆಸುವಾಗ, ಡ್ರಮ್ಮಿನ ಒಂದು ಮೂಲೆ ಕೊಂಚ ಹೆಚ್ಚು ಕಾದಿತ್ತು. ಮಿತಿ ಮೀರಿರಲಿಲ್ಲ. ಮಿತಿಯೊಳಗೇ ಇದೆ ಎಂದು ಎಲ್ಲರೂ ಅಂದರು, ಇವನೂ ಅಂದ, ಅಂದದ್ದು ಸರಿಯೇ ಆಗಿತ್ತು. ಆದರೆ ಈಗ ಹದಿನೈದು ದಿನದಿಂದ ತಟ್ಟೆಯ ಮುಂದೆ ಕೂತಾಗಲೆಲ್ಲ ಆ ಮೂಲೆ ನೆನಪಾಗಿ ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು.

"ಏಯ್ ದ್ಯಾವರಾಜು! ಅಬ್ಬಕ್ಕೆ ಬಂದ್ಯೇನ್ಲಾ?" ಎಂಬ ಕೂಗು ಕೇಳಿ ಅವನು ತಿರುಗಿ ನೋಡಿದ. ನಂಜಪ್ಪ. ಕ್ಯಾತನಹಳ್ಳಿಯ ದೊಡ್ಡ ಬೀದಿಯವನು, ಸ್ಕೂಲಿನಲ್ಲಿ ಇವನ ಜೊತೆಗೇ ಓದಿದವನು, ಈಗ ಬಸ್‌ಸ್ಟ್ಯಾಂಡಿನ ಎದುರಿಗೇ ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದಾನೆ. ಫೋನಿಗಾಗಿ ಕಾದು ನಿಂತಿದ್ದವರ ನಡುವೆ ಜಾಗ ಮಾಡಿಸಿ, ಇವನನ್ನು ಒಳಗೆಳೆದು ಸ್ಟೂಲಿನ ಮೇಲೆ ಕೂರಿಸಿ, ಟೀ ತರಿಸಿ, ಎಲ್ಲರಿಗೂ ಕೇಳುವ ಹಾಗೆ ಕೇಳಿಯೇಬಿಟ್ಟ: "ಅಲ್ಲ ಕಣ್ಲಾ, ನಿಮ್ದು ಬಿದ್ದೋಯ್ತಂತಲ್ಲಾ, ಯಾರ ಒಲಕ್ಕೆ ಬಿತ್ತು?" ಕ್ಯೂನಲ್ಲಿದ್ದವರು ನಕ್ಕರು. ಕೆ.ಆರ್. ಪೇಟೆಗೆ ಮಾತಾಡಲು ಬಂದಿದ್ದ ಒಬ್ಬರು, "ಅದ್ಕೇ ಏನೋ, ಬೆಳಿಗ್ಗೆಯಿಂದ ನಮ್ ಲೈನೇ ಸಿಗ್ತಿಲ್ಲ" ಎಂದರು. ಕೆ.ಆರ್. ಪೇಟೆಯ ಲೈನು ಕಂಬದ ಮೇಲೆ ಹೋಗುತ್ತದೆ, ಅದಕ್ಕೂ ಉಪಗ್ರಹಕ್ಕೂ ಸಂಬಂಧವೇ ಇಲ್ಲ, ಎಂದು ಹೇಳಲು ಬಾಯಿ ತೆರೆದ ದೇವರಾಜು ಟೀ ಲೋಟ ತುಟಿಗಿಟ್ಟ. ಹೇಳಿ ಏನು ಮಾಡುವುದು? ಈ ಆಸಾಮಿಯ ಲೈನು ಕಟ್ಟಾದದ್ದಕ್ಕೂ ತಾನೇ ಹೊಣೆಯೆಂದು ಅವನಿಗೆ ನಿಜವಾಗಿಯೂ ಒಂದು ಕ್ಷಣ ಅನ್ನಿಸಿಬಿಟ್ಟಿತ್ತು.

"ಬಿದ್ದಿಲ್ಲ ನಂಜಪ್ಪ. ಅದು ಬೀಳದಿಲ್ಲ."

"ಮತ್ತೆ?"

"ಅಲ್ಲೇ ಅದೆ. ಇದ್ದಲ್ಲೇ. ಮಾತಾಡಲ್ಲ ಅಷ್ಟೆ."

ನಂಜಪ್ಪ ಟೀ ಲೋಟ ಕೆಳಗಿಟ್ಟ. ಅವನ ಮುಖದಲ್ಲಿದ್ದ ತಮಾಷೆ ಎಲ್ಲಿ ಹೋಯಿತೋ. "ಅಯ್ಯೋ ಪಾಪ," ಎಂದ, "ಒಂದೇ ಅಲ್ಲೇ ಅದಾ?" ಅಷ್ಟೆ. ಕ್ಯೂನವರ ಕಡೆ ತಿರುಗಿ "ನಗ್ತೀರಲ್ರೀ, ನಮ್ಮೂರ ಉಡುಗ ಮಾಡಿದ್ದು ಕಣ್ರೀ ಅದು, ನೀವೊಂದು ಎತ್ತಿನ ಗಾಡಿ ಮಾಡಿ ನೋಡಣ" ಎಂದು ಗದರಿದ. ಎರಡು ವಾರದಲ್ಲಿ ಎಷ್ಟು ಜನ ಎಷ್ಟು ಮಾತಾಡಿದ್ದರು! ಕಾರಣ ಕೇಳಿದ್ದರು, ವೋಲ್ಟೇಜು ಕೇಳಿದ್ದರು, ಪತ್ರಿಕೆಯವರು ನಷ್ಟ ಕೇಳಿದ್ದರು. ಪಾಪ ಎಂದವನು ಇವನೊಬ್ಬ. ಇದೇ ನಂಜಪ್ಪನ ಮನೆಯ ಜಗಲಿಯ ಕೆಳಗೆ, ಬಿಸಿಲಲ್ಲಿ, ಟವಲು ಕಂಕುಳಿಗಿಟ್ಟುಕೊಂಡು ಅಪ್ಪ ನಿಲ್ಲುತ್ತಿದ್ದುದನ್ನು ಕಂಡವನು ದೇವರಾಜು. ಮೇಲೆ ಬಾ ಎಂದು ಆ ಮನೆಯವರು ಒಂದು ದಿನವೂ ಅಂದವರಲ್ಲ. ಅದನ್ನು ಮರೆತಿರಲಿಲ್ಲ, ಮರೆಯುವುದೂ ಇಲ್ಲ. ಆದರೂ ಈಗ ಅವನ ಸ್ಟೂಲಿನ ಮೇಲೆ ಕೂತು, ಅವನ ಟೀ ಕುಡಿಯುತ್ತಾ, ಕಣ್ಣು ತುಂಬಿಕೊಳ್ಳುತ್ತಿರುವುದು ಕಂಡು ತನಗೇ ನಾಚಿಕೆಯಾಯಿತು. ಬಸ್ಸು ಬಂತು, ಬದುಕಿದೆ ಎಂದುಕೊಂಡು ಎದ್ದ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊಳೆ ಹಿಂದಾಯಿತು, ನಾಲೆಯ ಏರಿ ಬಂತು, ಎರಡೂ ಕಡೆ ಕಬ್ಬು ನಿಂತಿತ್ತು. ಮೊನ್ನೆ ವಿಭಾಗದ ಮುಖ್ಯಸ್ಥರು ಕರೆದು ಹೇಳಿದ್ದರು: "ದೇವರಾಜು, ನಾಲ್ಕನೆಯದಕ್ಕೆ ಒಡಲು ದೊಡ್ಡದು ಮಾಡ್ತಿದ್ದೀವಿ, ಹಲಗೆಗಳೂ ದೊಡ್ಡವು. ಡ್ರಮ್ಮು ನಿಮ್ಮದೇ ಅಂತ ನನ್ನ ಆಸೆ. ಬಲವಂತವಿಲ್ಲ. ಹಬ್ಬ ಮುಗಿಸಿಕೊಂಡು ಬಂದು ಸೋಮವಾರ ಹೇಳಿ." ಆಸೆ ಎಂದಿದ್ದರು ಪುಣ್ಯಾತ್ಮರು, ಆಜ್ಞೆ ಎನ್ನಲಿಲ್ಲ. ಇವನು ಆಗಲೇ ಮನಸ್ಸಿನಲ್ಲಿ ಉತ್ತರ ಬರೆದಾಗಿತ್ತು: ಆಗುವುದಿಲ್ಲ ಸಾರ್, ನನ್ನನ್ನು ಲೈಬ್ರರಿಗೋ ಹೊಸಬರಿಗೆ ಪಾಠ ಹೇಳುವ ವಿಭಾಗಕ್ಕೋ ಹಾಕಿಬಿಡಿ. ಹೆಂಡತಿ ಯಶೋಧರಾಳಿಗೂ ಹೇಳಿರಲಿಲ್ಲ. ಇನ್ನು ಯಾವ ಒಡಲಿಗೂ ಕೈ ಹಚ್ಚುವುದಿಲ್ಲ ಎಂದುಕೊಂಡರೆ ಎದೆ ಹಗುರಾಗಬೇಕಿತ್ತು. ಆಗುತ್ತಿರಲಿಲ್ಲ. ಯಾಕೆಂದರೆ ಸತ್ತದ್ದರ ಡ್ರಮ್ಮಿಗೆ ಒಂದು ಜೊತೆಯದಿತ್ತು, ಒಂದೇ ದಿನ ಒಂದೇ ಮೇಜಿನ ಮೇಲೆ ಜೋಡಿಸಿದ್ದು, ಎಷ್ಟು ವರ್ಷ ಬಾಳುತ್ತದೋ ನೋಡೋಣವೆಂದು ಗಾಳಿಯಿಲ್ಲದ ಗಾಜಿನ ಕೋಣೆಯಲ್ಲಿ ತಿರುಗಲು ಬಿಟ್ಟದ್ದು. ಅದು ಈ ಗಳಿಗೆಯಲ್ಲೂ ತಿರುಗುತ್ತಿದೆ. ಊರಿಗೆ ಹೊರಡುವ ಮುಂಚೆ ಹೋಗಿ ನೋಡಿ ಬಂದಿದ್ದ. ಏನೂ ಆಗಿಲ್ಲವೆಂಬಂತೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಇಲ್ಲದ ಸೂರ್ಯನನ್ನು ಹಿಂಬಾಲಿಸಿಕೊಂಡು ತಿರುಗುತ್ತಿತ್ತು ಆ ಮುಗ್ಧ ಮುಂಡೇದು.

ಒಡಲು ಕಟ್ಟುವ ಕೋಣೆಗಳಿಗೆ ಹೋಗಬೇಕಾದರೆ ಬಿಳಿ ಅಂಗಿ, ಬಿಳಿ ಟೋಪಿ, ಬಾಯಿಗೆ ಬಟ್ಟೆ, ಕೈಗೆ ಗವಸು. ಕಣ್ಣೆರಡು ಬಿಟ್ಟರೆ ಮನುಷ್ಯ ಕಾಣುವುದೇ ಇಲ್ಲ. ಒಂದು ಕೂದಲೆಳೆ ಬೀಳಿಸಿದರೂ ತಪ್ಪು, ದೊಡ್ಡ ಸಾಹೇಬನಾದರೂ ಅಷ್ಟೆ, ಕಸ ಗುಡಿಸುವವನಾದರೂ ಅಷ್ಟೆ. ಮೊದಲ ದಿನ ಹಾಗೆ ನಿಂತಾಗ ದೇವರಾಜುವಿಗೆ ಆಗಿದ್ದ ಸುಖವನ್ನು ಅವನು ಯಾರಿಗೂ ಹೇಳಿಕೊಂಡಿಲ್ಲ: ಇಲ್ಲಿ ಯಾರು ಯಾವ ಬೀದಿಯವರು ಎಂದು ಕೇಳುವ ಹಾಗೇ ಇಲ್ಲವಲ್ಲ! ತಗಡಿನ ಶೆಡ್ಡಿನಲ್ಲಿ ನಕ್ಷೆ ಹರಡಿಕೊಂಡು ಕೂತು, ನಡುವಿನ ಕೊಳವೆ ಇಷ್ಟು ದಪ್ಪವಿರಲಿ, ಜೇನುಗೂಡಿನ ಹಾಗಿರುವ ಹಲಗೆ ಇಷ್ಟು ತೆಳ್ಳಗಿರಲಿ, ನಾಳೆ ಸಾಮಾನು ಹೆಚ್ಚಾದರೂ ಇದೇ ಒಡಲು ತಡೆಯಬೇಕು ಎಂದು ಜಗಳವಾಡಿದ ಆ ವರ್ಷಗಳಲ್ಲಿ ಇವನ ಮಾತನ್ನು ಎಲ್ಲರೂ ಕೇಳಿದ್ದರು. ತಪ್ಪಿದಾಗ ಬೈದಿದ್ದರು, ಸರಿಯಿದ್ದಾಗ ಒಪ್ಪಿದ್ದರು, ಒಂದೇ ಡಬ್ಬಿಯಲ್ಲಿ ಉಂಡಿದ್ದರು. ಮೊದಲನೆಯದು ಹಾರುವ ಮುಂಚೆ ಅಪ್ಪನನ್ನು ಕರೆದೊಯ್ದು ಗಾಜಿನಾಚೆಯಿಂದ ತೋರಿಸಿದ್ದ. ಅಪ್ಪ ಚಲುವಯ್ಯ, ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುತ್ತಿದ್ದವನು, ಮಗನನ್ನು ಒಂದು ದಿನವೂ ಆ ಅಂಗಳಕ್ಕೆ ಬಿಟ್ಟುಕೊಂಡವನಲ್ಲ. ಚಿನ್ನದ ಬಣ್ಣದ ಹೊದಿಕೆ ಹೊದ್ದು ನಿಂತಿದ್ದ ಒಡಲನ್ನು ಬಹಳ ಹೊತ್ತು ನೋಡಿ, "ಇದ್ರೊಳೀಕೆ ಯಾರ್ ಕೂತ್ಕತಾರ್ಲಾ?" ಎಂದು ಕೇಳಿದ್ದ. ಯಾರೂ ಇಲ್ಲಪ್ಪ. "ಅಯ್, ಒಬ್ಬಂಟಿ ಓಯ್ತದಾ?" ಎಂದು ಗಾಜಿನ ಮೇಲೆ ಕೈಯಿಟ್ಟಿದ್ದ. ಎಸ್‌ಟಿಡಿ ಬೂತಿನವನು ಕೇಳಿದ್ದೂ ಅದನ್ನೇ ಅಲ್ಲವೆ? ಕಾರ್ಖಾನೆಯ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ಬಂತು, ದೂರದಲ್ಲಿ ಕುಂತಿಬೆಟ್ಟ ಕಂಡಿತು. ದೇವರಾಜು ಎಲೆಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

ಮನೆಯಲ್ಲಿ ಕೋಳಿ ಸಾರಿನ ಘಮಲು ಬೀದಿಯವರೆಗೂ ಬಂದಿತ್ತು. ತಮ್ಮ ಕೆಂಪರಾಜು ಜಗಲಿ ತೊಳೆಯುತ್ತಿದ್ದ, ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಒಲೆಯ ಮುಂದೆ ಬೆವರುತ್ತಿದ್ದಳು, ಅವ್ವ ಪಾರ್ವತಮ್ಮ ನಡುಮನೆಯಲ್ಲಿ ಕೂತು ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. "ಬಾ ಮಗ. ಸೊರಗೋಗಿದ್ದೀಯಲ್ಲ" ಎಂದಳೇ ಹೊರತು ಮತ್ತೇನೂ ಕೇಳಲಿಲ್ಲ. ಕೇಳಿದರೆ ಹೇಳಲೆಂದು ದಾರಿಯುದ್ದಕ್ಕೂ ಒಂದು ಸುಳ್ಳು ಸಿದ್ಧ ಮಾಡಿಕೊಂಡು ಬಂದಿದ್ದ. "ಎಲ್ಲಾ ಚೆನ್ನಾಗದೆ ಕಣವ್ವ" ಎಂದು ಕೇಳದೆಯೇ ಹೇಳಿಬಿಟ್ಟ. "ಊಂ" ಎಂದಳು ಅವ್ವ, ಉಜ್ಜುವುದನ್ನು ನಿಲ್ಲಿಸದೆ. ಅವಳ ಕೈಯಲ್ಲಿದ್ದದ್ದು ಒಳಲೆ, ಹಸುಗೂಸಿಗೆ ಹಾಲು ಕುಡಿಸುವ ಪುಟ್ಟ ಕೊಕ್ಕಿನ ಬಟ್ಟಲು. ಅವಳ ಮೊದಲ ಹೆರಿಗೆಗೆಂದು ತವರು ಬೂಕನಕೆರೆಯಿಂದ ಅವಳ ಅಣ್ಣ ನಾಗಮಂಗಲಕ್ಕೆ ಹೋಗಿ, ಎರಕದವರ ಮುಂದೆ ಕೂತು ಮಾಡಿಸಿ ತಂದದ್ದು. ಅದರಲ್ಲಿ ಮೊದಲು ಕುಡಿದವಳು ಆ ಅಕ್ಕ. ಆಮೇಲೆ ಇವನು, ಆಮೇಲೆ ಕೆಂಪರಾಜು.

ಎಲೆ ಹಾಕುವ ಹೊತ್ತಿಗೆ ಗೋಡೆಯ ಬುಡದಲ್ಲಿಟ್ಟ ಕಲಶ, ಅಪ್ಪನ ಹೊಸ ಪಂಚೆ, ಅಜ್ಜಿಗೊಂದು ಸೀರೆ ಎಲ್ಲ ಸಿದ್ಧವಾಗಿದ್ದವು. ತಾತನ ಎಲೆಗೆ ಮುದ್ದೆ, ಸಾರು, ಒಂದು ಕಟ್ಟು ಬೀಡಿ. ಅಜ್ಜಿಗೆ ಎಲೆ ಅಡಿಕೆ, ಕಡ್ಡಿಪುಡಿ. ಅಪ್ಪನಿಗೆ ಕೋಳಿ ತೊಡೆ, ಒಂದು ಲೋಟ ಬ್ರಾಂದಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನಿಗೆ ಬಲು ಪ್ರೀತಿಯಿದ್ದ ಸಕ್ಕರೆ ಬನ್ನು. ಚಿಕ್ಕ ಎಲೆಯ ಮೇಲೆ ಒಳಲೆಯಲ್ಲಿ ಹಾಲು. ನಾಲ್ಕಾಯಿತು. ಅವ್ವ ಐದನೆಯ ಎಲೆಯನ್ನು ತೊಳೆದು, ಕೊಡವಿ, ಕೂಸಿನ ಎಲೆಯ ಪಕ್ಕಕ್ಕೆ ಹಾಸಿದಳು.

"ಅದು ಜಾಸ್ತಿ ಬಂದದ್ದು ಕಣವ್ವ" ಎಂದ ದೇವರಾಜು.

"ಜಾಸ್ತಿ ಏನಿಲ್ಲ. ಸರ್ಯಾಗೇ ತಂದಿದ್ದೀಯ. ಈ ವರ್ಸ ಓಗಿರೋದ್ನ ಬುಟ್ಟು ಎಡೆ ಇಕ್ಕಕಾಯ್ತದಾ?" ಎಂದಳು ಅವ್ವ. "ಯಶೋದ್ರ ಮೊನ್ನೇನೇ ಪೋನ್ ಮಾಡಿದ್ಲು. ಇವ್ರು ಕಟ್ಟಿದ್ದು ತೀರ್ಕತು ಅತ್ತೆ, ಅನ್ನ ಮುಟ್ತಿಲ್ಲ, ನೀವೇ ನೋಡ್ಕಳಿ ಅಂದ್ಲು. ಈಗ ಯೋಳು, ಅದ್ಕೆ ಏನು ಇಷ್ಟ?"

ದೇವರಾಜುವಿಗೆ ಮೈಯೆಲ್ಲ ಬಿಸಿಯಾಯಿತು. ಸಿಕ್ಕಿಬಿದ್ದ ನಾಚಿಕೆಯೋ, ಸಿಟ್ಟೋ. "ಅದು ಯಂತ್ರ ಕಣವ್ವ! ಯಂತ್ರಕ್ಕೆ ಯಾರಾದ್ರೂ ಎಡೆ ಇಡ್ತಾರಾ? ಕೇಳ್ದೋರು ನಗಾಡ್ತಾರೆ." "ನಗ್ಲಿ ಬುಡು, ಅಬ್ಬದ ದಿನ ನಕ್ರೆ ಒಳ್ಳೇದೆ" ಎಂದಳು ಅವಳು. ಒಲೆಯ ಕಡೆಯಿಂದ ಪುಟ್ಟಲಕ್ಷ್ಮಮ್ಮ, "ಕರೆಂಟು ಉಣ್ತದೇನೋ ಅತ್ತೆ, ಒಂದು ಬಲ್ಪ್ ಇಕ್ಕನ, ಅಲ್ವಾ ಬಾವ?" ಎಂದು ಕಿಚಾಯಿಸಿದಳು. ಕೆಂಪರಾಜು ಗೊಳ್ಳೆಂದ. ದೇವರಾಜುವಿಗೂ ನಗು ಬರುವಂತಾಯಿತು, ತಡೆದುಕೊಂಡ. ಅವ್ವ ಮಾತ್ರ ಎಲೆಯ ಮುಂದೆ ಕೂತವಳು ಹಾಗೇ ಅವನ ಮುಖ ನೋಡುತ್ತಿದ್ದಳು. ಉತ್ತರ ಬರದೆ ಅವಳು ಏಳುವವಳಲ್ಲ, ಅದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು.

"ಬಿಸಿಲು" ಎಂದ ಕೊನೆಗೆ. "ಬಿಸಿಲು ಉಣ್ತದೆ ಕಣವ್ವ. ಬೇರೇನೂ ಮುಟ್ಟಲ್ಲ."

ಅವ್ವ ತಲೆ ಎತ್ತಿ ಸೂರು ನೋಡಿದಳು. ನಡುಮನೆಯ ಹೆಂಚಿನ ನಡುವೆ ಅಪ್ಪ ಕೂರಿಸಿದ್ದ ಒಂದು ಗಾಜಿನ ಹೆಂಚಿತ್ತು. ಇಳಿಹೊತ್ತಿನ ಬಿಸಿಲು ಅದರಿಂದ ಬಂದು ನೆಲದ ಮೇಲೆ ಒಂದು ತಟ್ಟೆಯಗಲ ಬಿದ್ದಿತ್ತು. "ಅದ್ಕೇನಂತೆ, ಅದೆಯಲ್ಲ" ಎಂದು ಐದನೆಯ ಎಲೆಯನ್ನು ಅಲ್ಲಿಗೆ ಎಳೆದಳು. ಬರೀ ಎಲೆ ಇಡಬಾರದೆಂದು ಅದರ ನಡುವಿಗೆ ಒಂದು ತೊಟ್ಟು ತುಪ್ಪ ಬಿಟ್ಟಳು. ಧೂಪ ಹಾಕಿದ್ದಾಯಿತು, ಎಲ್ಲರೂ ಅಡ್ಡ ಬಿದ್ದದ್ದಾಯಿತು. ಇನ್ನು ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಮುಚ್ಚಬೇಕು; ಜೀವವಿರುವವರು ಎದುರಿಗಿದ್ದರೆ ಹಿರಿಯರು ಸಂಕೋಚಪಟ್ಟುಕೊಂಡು ಉಣ್ಣುವುದಿಲ್ಲ. ದೇವರಾಜು ಹೊರಡುವುದಕ್ಕೆ ಎದ್ದ. ಅಷ್ಟರಲ್ಲಿ ಬಿಸಿಲ ತಟ್ಟೆ ಎಲೆಯಿಂದ ಒಂದು ಬೆರಳಷ್ಟು ಜರುಗಿತ್ತು. ಅವನು ಯೋಚಿಸುವ ಮುಂಚೆಯೇ ಕೈ ತಾನೇ ಹೋಗಿ ಎಲೆಯನ್ನು ಒಂದು ಬೆರಳಷ್ಟು ಮುಂದಕ್ಕೆ ಸರಿಸಿತು.

ಅವ್ವ ಅದನ್ನು ನೋಡಿದಳು. "ನೀ ಒಳಗೇ ಇರು" ಎಂದಳು. "ಅದ್ಕೆ ಎಲೆ ತಳ್ಳಕ್ಕೆ ಒಬ್ರು ಬೇಕಲ್ಲ."

"ಇರ್ಬಾರ್ದು ಅಂತೀರಲ್ಲ?"

"ಕೂಸು ಉಣ್ಣೋವಾಗ ತಾಯಿ ಇರ್ಬೋದು" ಎಂದು ಅವ್ವ ಹೊಸ್ತಿಲ ಬಳಿ ನಿಂತಳು. ಒಂದು ಕೈ ಬಾಗಿಲ ಮೇಲಿತ್ತು. "ಮೊದಲ್ನೇದು ಓದಾಗ ನಿನ್ ಆಲೇ ಸರಿಯಿಲ್ಲ ಅಂದ್ರು ಕಣ್ ಮಗ ಎಲ್ರೂ. ನಾನೇನ್ ತಿಂದ್ನೋ, ಏನ್ ತೆಪ್ ಮಾಡುದ್ನೋ, ಇವತ್ಗೂ ಗೊತ್ತಿಲ್ಲ. ಗೊತ್ತಾಗ್ನೇ ಇಲ್ಲ. ಎಡೆ ಇಕ್ದಾಗೆಲ್ಲಾ ಕೇಳ್ತೀನಿ, ಅದೂ ಯೋಳಲ್ಲ. ಅಂಗಂತ ನಿಂಗೆ ಆಲು ಕುಡ್ಸಾಕೆ ಎದ್ರಿದ್ರೆ ನೀ ಎಂಗ್ಲಾ ಬೆಳೀತಿದ್ದೆ?" ಅಷ್ಟು ಹೇಳಿ ಹೊರಗೆ ಹೋದಳು. ಬಾಗಿಲು ಕಿರ್ರೆಂದು ಮುಚ್ಚಿಕೊಂಡಿತು.

ದೇವರಾಜು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಬಾಗಿಲು ಮುಚ್ಚಿದ ಮನೆ ಇಷ್ಟು ನಿಶ್ಶಬ್ದವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಧೂಪದ ಹೊಗೆ ಬಿಸಿಲ ಕೋಲಿನೊಳಗೆ ಬಂದಾಗ ಮಾತ್ರ ಕಾಣುತ್ತಿತ್ತು. ಎಡಗಡೆ ತಾತ, ಅಜ್ಜಿ, ಅಪ್ಪ, ಅಕ್ಕ; ಯಾರ ಕಡೆಗೂ ನೇರ ನೋಡುವ ಧೈರ್ಯವಿಲ್ಲ, ಉಣ್ಣುವವರನ್ನು ಹಾಗೆ ನೋಡಬಾರದು. ಅವನು ಎಲೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲು ಜರುಗಿದಂತೆಲ್ಲ ಜರುಗಿಸಿದ. ಹನ್ನೆರಡು ವರ್ಷ ಡ್ರಮ್ಮಿನ ಹಲ್ಲಿನ ಚಕ್ರಗಳನ್ನೂ ಕರೆಂಟು ಇಳಿಸುವ ಬುರುಸುಗಳನ್ನೂ 'ಬೇಗ ಬೇಡ, ನಿಧಾನವೂ ಬೇಡ' ಎಂದು ಬೇಡಿಕೊಂಡು ಮಾಡಿಸಿದ ಕೆಲಸ ಇದೇ ಅಲ್ಲವೆ? ಇದನ್ನು ಒಂದು ದಿನವೂ ತಾನು ಕೈಯಾರೆ ಮಾಡಿರಲಿಲ್ಲ. ಎಷ್ಟು ಕಷ್ಟ! ಬಿಸಿಲು ನಿಂತೇ ಇದೆ ಎನ್ನಿಸುತ್ತದೆ, ಕಣ್ಣು ಮಿಟುಕಿಸಿದರೆ ಜಾರಿರುತ್ತದೆ. ಇಂಥ ಕೆಲಸವನ್ನು ಅದು ಯಾರೂ ಇಲ್ಲದ ಕಡೆ, ಯುಗಾದಿಯಿಂದ ಗೌರಿ ಹಬ್ಬ ದಾಟುವವರೆಗೆ, ಒಂದು ದಿನ ತಪ್ಪದೆ ಮಾಡಿತ್ತು. ನಿಂತದ್ದನ್ನಷ್ಟೇ ಹದಿನೈದು ದಿನದಿಂದ ಲೆಕ್ಕ ಹಾಕುತ್ತಿದ್ದವನು ಅದು ತಿರುಗಿದ್ದನ್ನು ಒಂದು ಸಲವೂ ನೆನೆದಿರಲಿಲ್ಲ. ಆ ತಿಂಗಳುಗಳಲ್ಲಿ ಎಲ್ಲೋ ಗುಡ್ಡದ ಮೇಲಿನ ಸ್ಕೂಲಿನಲ್ಲಿ ಮಕ್ಕಳು ಪಾಠ ನೋಡಿದ್ದರು, ದ್ವೀಪದಲ್ಲಿದ್ದ ಯಾರೋ ಗಂಡ ಹೆಂಡತಿಯ ದನಿ ಕೇಳಿದ್ದ, ಮೀನುಗಾರರು ಬಿರುಗಾಳಿಯ ಸುದ್ದಿ ತಿಳಿದು ದೋಣಿ ತಿರುಗಿಸಿದ್ದರು. ಅದರ ಬೆನ್ನ ಮೇಲೆ ಹೋದದ್ದಲ್ಲವೆ ಅದೆಲ್ಲ? ಅಯ್ಯೋ ನನ್ನಪ್ಪ, ಎಷ್ಟು ದುಡಿದೆ ನೀನು, ಎಂದುಕೊಂಡ. ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ನಿನಗೆ.

ಆ ಕಾದ ಮೂಲೆ ನೆನಪಾಯಿತು. ಬರಲಿ ಎಂದು ಬಿಟ್ಟ. ಅದರಿಂದಲೇ ಆಗಿದ್ದರೂ ಇರಬಹುದು, ಅಲ್ಲದೆಯೂ ಇರಬಹುದು. ಅವ್ವನಿಗೆ ಇವತ್ತಿಗೂ ಗೊತ್ತಿಲ್ಲವಂತೆ. ಗೊತ್ತಿಲ್ಲದೆಯೇ ವರ್ಷ ವರ್ಷ ಒಳಲೆ ಉಜ್ಜುತ್ತಾಳೆ, ಗೊತ್ತಿಲ್ಲದೆಯೇ ತನ್ನನ್ನು ಬೆಳೆಸಿದಳು. ಹೆದರಿಕೊಂಡೇ ಕುಡಿಸಿರಬೇಕು ಪಾಪ. ದೇವರಾಜು ತಲೆ ತಿರುಗಿಸಿ, ನೋಡಬಾರದೆಂದಿದ್ದರೂ, ಆ ಚಿಕ್ಕ ಎಲೆಯ ಕಡೆ ನೋಡಿದ. ಹೆಸರೂ ಇಡದ ಆ ಅಕ್ಕನಿಗೆ ತಾನು ಎಂದೂ ಏನೂ ಹೇಳಿದವನಲ್ಲ. "ಇದನ್ನೂ ಸ್ವಲ್ಪ ನೋಡ್ಕೊ ಅಕ್ಕ" ಎಂದ, ಸಣ್ಣ ದನಿಯಲ್ಲಿ. ಹೇಳಿ ಸುತ್ತ ನೋಡಿದ. ಯಾರೂ ನಗಲಿಲ್ಲ.

ಹೊರಗೆ ಕೆಂಪರಾಜುವಿನ ದನಿ ಕೇಳಿತು. "ಎಷ್ಟೊತ್ತವ್ವ, ಒಟ್ಟೆ ಅಸೀತಾ ಅದೆ." "ಸುಮ್ಕಿರ್ಲಾ, ಹೊತ್ತು ಇಳೀಲಿ." ಬಿಸಿಲು ನೆಲ ಮುಗಿಸಿ ಮುಂಬಾಗಿಲ ಬುಡಕ್ಕೆ ಬಂದಿತ್ತು. ಬಾಗಿಲ ಹಲಗೆಯ ಮೇಲೆ ಹತ್ತತೊಡಗಿತು. ಎಲೆಯನ್ನು ನೆಲದ ಮೇಲೆ ತಳ್ಳಿ ಪ್ರಯೋಜನವಿಲ್ಲ. ದೇವರಾಜು ಅದನ್ನು ಎರಡೂ ಅಂಗೈಯಲ್ಲಿ ಎತ್ತಿ ಬಾಗಿಲಿಗೆ ಒತ್ತಿ ಹಿಡಿದ. ತುಪ್ಪ ಜಾರಿ ಬೆಚ್ಚಗೆ ಅವನ ಮಣಿಕಟ್ಟಿಗೆ ಇಳಿಯಿತು. ಬಿಸಿಲು ಮೊಣಕಾಲೆತ್ತರಕ್ಕೆ ಏರಿತು, ಸೊಂಟದೆತ್ತರಕ್ಕೆ ಏರಿತು, ಎದೆಯೆತ್ತರಕ್ಕೆ ಬಂತು. ಅವನೂ ಅದರ ಜೊತೆ ಏಳುತ್ತಾ ಏಳುತ್ತಾ ನೆಟ್ಟಗೆ ನಿಂತ. ಹಿತ್ತಲಾಚೆಯ ಹುಣಸೆ ಮರಕ್ಕೆ ಸೂರ್ಯ ಸಿಕ್ಕಿರಬೇಕು, ಬಿಸಿಲು ಎಲೆಯ ಮೇಲೆ ನಡುಗಿತು, ಕೆಂಪಾಯಿತು, ಹೋಯಿತು. ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ.

ಬಾಗಿಲು ತಟ್ಟಿದ ಸದ್ದು ಎಲೆಯ ಮೂಲಕ ಅವನ ಅಂಗೈಗೆ ಬಂತು. ಕದ ತೆಗೆಯುವ ಮುಂಚೆ ಕೇಳಬೇಕಾದ್ದನ್ನು ಅವ್ವ ಕೇಳಿದಳು: "ಉಂಡ್ರಾ?"

"ಉಂಡ್ರು ಕಣವ್ವ."

"ಅದೂ?"

"ಅದೂ ಉಂಡದೆ. ಒಟ್ಟೆ ತುಂಬ ಉಂಡದೆ."

ಎಲ್ಲರೂ ಒಳಗೆ ಬಂದರು. ದೀಪ ಹಾಕಿದರು. ಒಂದು ಹಿಡಿ ಅನ್ನವನ್ನು ಕೆಂಪರಾಜು ಹೆಂಚಿನ ಮೇಲೆ ಕಾಗೆಗಿಟ್ಟು ಬಂದ, ಮುಖ ಊದಿಸಿಕೊಂಡೇ. ಎಡೆಯ ಎಲೆ ಬಿಸಾಡಬಾರದೆಂದು ಅವ್ವ ಆ ಐದನೆಯ ಎಲೆಯನ್ನೇ ದೇವರಾಜುವಿನ ಮುಂದೆ ಹಾಕಿ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಎಲೆ ಇನ್ನೂ ಬೆಚ್ಚಗಿತ್ತು. ಅವನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ಗಂಟಲಲ್ಲಿ ಏನೂ ನಿಲ್ಲಲಿಲ್ಲ. ಅವ್ವ ಬಾಗಿಲ ಬಳಿ ಕಂಬಕ್ಕೊರಗಿ ಕೂತು, ಅವನು ಉಣ್ಣುವುದನ್ನು ನೋಡುತ್ತಾ, ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದಳು, "ಮುಂದ್ಲುದ್ಕೂ ನೀನೇಯ ತಿರುಗ್ಸೋದು?"

"ನಾನೇ ಕಣವ್ವ" ಎಂದ. ಬೆಳಿಗ್ಗೆ ಐದು ಎಂದು ಬಂದ ಹಾಗೇ ಅದೂ ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು. ಈ ಸಲ ನಾಲಗೆ ಕಚ್ಚಿಕೊಳ್ಳಲಿಲ್ಲ. "ಇನ್ನೊಂದು ಮುದ್ದೆ ಇಕ್ಕು" ಎಂದ.